ಆನ್‌ಲೈನ್ ಶಾಲೆಯಲ್ಲಿ 'ತಿಂಗಳಿಗೊಂದು ಗುಣ': ಬ್ಯಾಡ್ಜ್ ಕೊಟ್ಟು ಕೆಟ್ಟೆ, ಈಗೇನು ಮಾಡಲಿ?

ಆರನೇ_ಕ್ಲಾಸ್_ಟೀಚರ್

ನಮ್ಮದು ಪೂರ್ತಿ ಆನ್‌ಲೈನ್ ಶಾಲೆ. ಕಟ್ಟಡ ಇಲ್ಲ, ಗಂಟೆ ಇಲ್ಲ, ಮೈದಾನ ಇಲ್ಲ. ಆರನೇ ತರಗತಿಗೆ ನಾನು ಕ್ಲಾಸ್ ಟೀಚರ್, ಇಪ್ಪತ್ತಾರು ಮಕ್ಕಳು. ವರ್ಷದ ಶುರುವಿನಲ್ಲಿ ಮೇಲಿನವರು ಒಂದು ಯೋಜನೆ ಕೊಟ್ಟರು: ತಿಂಗಳಿಗೊಂದು ಗುಣ. ಮೊದಲು ಪ್ರಾಮಾಣಿಕತೆ, ಆಮೇಲೆ ಕೃತಜ್ಞತೆ, ಆಮೇಲೆ ತಾಳ್ಮೆ. ಸೋಮವಾರ ಹತ್ತು ನಿಮಿಷ ಸ್ಲೈಡ್, ಶುಕ್ರವಾರ ಕ್ವಿಜ್. ಒಳ್ಳೆಯ ನಡತೆಗೆ ಪಾಯಿಂಟ್. ಐವತ್ತು ಪಾಯಿಂಟ್ ಆದರೆ ಹೆಸರಿನ ಪಕ್ಕ ಒಂದು ಬ್ಯಾಡ್ಜ್.

ಕೃತಜ್ಞತೆಯ ತಿಂಗಳಲ್ಲಿ ಏನಾಯಿತು ಹೇಳುತ್ತೇನೆ. ಚಾಟ್‌ನಲ್ಲಿ ಥ್ಯಾಂಕ್ಯೂ ಬರೆದರೆ ಒಂದು ಪಾಯಿಂಟ್ ಸಿಗುತ್ತದೆ ಅಂತ ಯಾರೋ ಪತ್ತೆ ಮಾಡಿದರು. ಇಂಥ ವಿಷಯದಲ್ಲಿ ಮಕ್ಕಳು ನಮಗಿಂತ ಚುರುಕು. ನಾನು ಎಲೆ ಹೇಗೆ ಆಹಾರ ತಯಾರಿಸುತ್ತದೆ ಅಂತ ಪಾಠ ಮಾಡುತ್ತಿದ್ದೆ. ಚಾಟ್ ಓಡತೊಡಗಿತು. 'ಥ್ಯಾಂಕ್ಯೂ ಮೇಡಂ.' 'ಥ್ಯಾಂಕ್ಯೂ ಎಲ್ಲರಿಗೂ.' 'ಥ್ಯಾಂಕ್ಯೂ ಇಂಟರ್ನೆಟ್.' ಒಬ್ಬ ಹುಡುಗ ಟೈಮ್ ಉಳಿಸಲು ಬರೀ 'ಥ್ಯಾ' ಅಂತ ಹಾಕುತ್ತಿದ್ದ. ಈ ಗದ್ದಲದಲ್ಲಿ ಒಬ್ಬಳು ಬರೆದ ಸಾಲು ಮೇಲಕ್ಕೆ ಸರಿದು ಹೋಗಿತ್ತು: 'ಮೇಡಂ, ನನಗೆ ಎರಡನೇ ಚಿತ್ರ ಕಾಣಿಸುತ್ತಿಲ್ಲ.' ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ಕ್ಲಾಸ್ ಮುಗಿದ ಮೇಲೆ ಚಾಟ್ ಓದುವಾಗ ಕಣ್ಣಿಗೆ ಬಿತ್ತು. ಅವಳು ಅದನ್ನು ಮೂರು ಸಲ ಬರೆದಿದ್ದಳು.

ಎದುರಾಬದುರು ಕೂರುವ ಶಾಲೆಯಲ್ಲಿ ಒಂದು ಮಗು ಬಿದ್ದರೆ ಇನ್ನೊಂದು ಎತ್ತುತ್ತದೆ. ಪೆನ್ಸಿಲ್ ಕೊಡುತ್ತದೆ, ಜಾಗ ಬಿಡುತ್ತದೆ, ಜಗಳ ಆಡಿ ಮತ್ತೆ ಒಂದಾಗುತ್ತದೆ. ನಮ್ಮಲ್ಲಿ ಬೀಳುವುದಕ್ಕೂ ಜಾಗ ಇಲ್ಲ. ಇಂಥ ಕಡೆ ಗುಣ ಕಲಿಸುವುದು ಆಗುವ ಕೆಲಸವಾ? ಮಾಡಿ ನೋಡಿದವರು ಹೇಳಿ. ಪುಸ್ತಕದ ಮಾತು ನನ್ನ ಹತ್ತಿರ ಬೇಕಾದಷ್ಟಿದೆ.

ಹಳೇ_ಮೇಷ್ಟ್ರು

ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನು ನಾನು. ನೇರವಾಗಿ ಹೇಳುತ್ತೇನಮ್ಮ, ಬೇಜಾರು ಮಾಡಿಕೊಳ್ಳಬೇಡಿ. ನಡತೆ ಮನೆಯಲ್ಲಿ ಬರಬೇಕು. ಮಗು ಕೂತಿರುವುದೇ ಮನೆಯಲ್ಲಿ, ಪಕ್ಕದಲ್ಲೇ ಅಪ್ಪ ಅಮ್ಮ ಇದ್ದಾರೆ. ನೀವು ಪಾಠ ಚೆನ್ನಾಗಿ ಮಾಡಿ, ಸಾಕು. ಗುಣಕ್ಕೆ ಕ್ವಿಜ್ ಇಡುವ ಕಾಲ ಬಂತಲ್ಲ ಅಂತ ನಗು ಬರುತ್ತಿದೆ.

ರಾತ್ರಿಪಾಳಿ_ಓದುಗಿ

ಟೀಚರ್, ನಿಮ್ಮ 'ಥ್ಯಾ' ಹುಡುಗ ಇಷ್ಟವಾದ. ತಪ್ಪು ಅವನದಲ್ಲ, ಪಾಯಿಂಟಿನದು.

ನಾನು ಮನಶ್ಶಾಸ್ತ್ರ ಓದಿದವಳು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಒಂದು ಪ್ರಯೋಗ ಮಾಡಿದರು. ಮೂರರಿಂದ ಐದು ವರ್ಷದ ಮಕ್ಕಳು. ಬಣ್ಣದ ಪೆನ್ ಸಿಕ್ಕರೆ ತಾವಾಗಿಯೇ ಚಿತ್ರ ಬಿಡಿಸಲು ಕೂರುತ್ತಿದ್ದವರನ್ನೇ ಆರಿಸಿಕೊಂಡರು. ಕೆಲವರಿಗೆ 'ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ' ಅಂತ ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಹೇಳದೆ, ಬಿಡಿಸಿದ ಮೇಲೆ ಅಚಾನಕ್ಕಾಗಿ ಕೊಟ್ಟರು. ಇನ್ನು ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಸುಮ್ನೆ ಪೆನ್ನುಗಳನ್ನು ಇಟ್ಟು ನೋಡಿದರು. ಪ್ರಶಸ್ತಿಯ ಮಾತು ಮೊದಲೇ ಕೇಳಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತೇ ಚಿತ್ರ ಬಿಡಿಸಿದರು. ಇಷ್ಟಪಟ್ಟು ಮಾಡುತ್ತಿದ್ದದ್ದು ಸಂಬಳದ ಕೆಲಸವಾಯಿತು, ಸಂಬಳ ನಿಂತಿತು, ಕೆಲಸವೂ ನಿಂತಿತು.

ಗಮನಿಸಿ, ಅಚಾನಕ್ಕಾಗಿ ಪಡೆದವರಿಗೆ ಏನೂ ಆಗಲಿಲ್ಲ. ಹಾಗಾಗಿ ಮೆಚ್ಚುಗೆ ಕೆಟ್ಟದ್ದು ಅಂತ ಯಾರೂ ತಿಳಿಯಬೇಡಿ. ಮೊದಲೇ ರೇಟು ಕಟ್ಟುವುದು ಕೆಟ್ಟದ್ದು.

ಆರನೇ_ಕ್ಲಾಸ್_ಟೀಚರ್

ರೇಟು ಕಟ್ಟುವುದು! ಸರಿಯಾದ ಮಾತು. ನಮ್ಮಲ್ಲಿ ಅದರ ಪಟ್ಟಿಯೇ ಇದೆ. ಸಹಾಯ ಮಾಡಿದರೆ ಐದು, ಕ್ಷಮೆ ಕೇಳಿದರೆ ಮೂರು. ಹೋದ ತಿಂಗಳು ಒಬ್ಬ ಬೇಕಂತಲೇ ಬೈದು, ಆಮೇಲೆ ಕ್ಷಮೆ ಕೇಳಿ ಮೂರು ತೆಗೆದುಕೊಂಡ.

ಗಣಿತದ_ಮೇಷ್ಟ್ರು

ಪ್ರಾಮಾಣಿಕತೆ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಾನೂ ಆನ್‌ಲೈನಿನಲ್ಲೇ ಪಾಠ ಮಾಡುವವನು. ನಮ್ಮಲ್ಲಿ ಟೆಸ್ಟ್ ಸಮಯದಲ್ಲಿ ಮಕ್ಕಳ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಇತ್ತು. ಮಗು ಪರದೆ ಬಿಟ್ಟು ಬೇರೆ ಕಡೆ ನೋಡಿದರೆ ಕೆಂಪು ಗುರುತು. ಒಂದು ದಿನ ಒಬ್ಬ ಹುಡುಗ ಟೆಸ್ಟ್ ಮುಗಿದ ಮೇಲೆ ಉಳಿದುಕೊಂಡು ಕೇಳಿದ: 'ಸರ್, ನಾನು ಯೋಚನೆ ಮಾಡುವಾಗ ಮೇಲೆ ನೋಡುತ್ತೇನೆ. ಅದು ತಪ್ಪಾ?' ಅವನ ಹೆಸರಿನ ಮುಂದೆ ಏಳು ಕೆಂಪು ಗುರುತು ಇದ್ದವು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಆಮೇಲೆ ಅನ್ನಿಸಿತು. ಯಾರೂ ನೋಡದಿದ್ದಾಗ ಮಗು ಏನು ಮಾಡುತ್ತದೆ ಅನ್ನುವುದೇ ಅಲ್ವಾ ಪ್ರಾಮಾಣಿಕತೆ? ಆನ್‌ಲೈನ್ ಶಾಲೆಯಲ್ಲಿ ಯಾರೂ ನೋಡದ ಹೊತ್ತು ಜಾಸ್ತಿ. ಅಂದರೆ ಅಭ್ಯಾಸಕ್ಕೆ ಇಲ್ಲಿ ಬೇರೆ ಶಾಲೆಗಿಂತ ಹೆಚ್ಚು ಅವಕಾಶ ಇದೆ. ನಾವೇ ಅದನ್ನು ಕ್ಯಾಮೆರಾ ಹಾಕಿ ಮುಚ್ಚುತ್ತಿದ್ದೇವೆ.

ಸಣ್ಣ ಟೆಸ್ಟ್‌ಗಳಿಗೆ ಆ ಸಾಫ್ಟ್‌ವೇರ್ ನಿಲ್ಲಿಸಿದೆ. ಮಕ್ಕಳಿಗೇ ಉತ್ತರಪಟ್ಟಿ ಕೊಟ್ಟು 'ನೀವೇ ತಿದ್ದಿ ಅಂಕ ಹಾಕಿ' ಅಂದೆ. ಮೊದಲ ವಾರ ಎಲ್ಲರಿಗೂ ಹತ್ತಕ್ಕೆ ಹತ್ತು! ನಗಬೇಡಿ. ಎರಡನೇ ವಾರ ಅಂಕವನ್ನೇ ತೆಗೆದೆ. 'ಯಾವ ಲೆಕ್ಕ ತಪ್ಪಾಯಿತು, ಎಲ್ಲಿ ಎಡವಿದೆ ಅಂತ ಬರೆಯಿರಿ. ತಪ್ಪೇ ಇಲ್ಲದಿದ್ದರೆ ಯಾವ ಲೆಕ್ಕಕ್ಕೆ ಜಾಸ್ತಿ ಹೊತ್ತು ಹಿಡಿಯಿತು ಬರೆಯಿರಿ' ಅಂದೆ. ಮೊದಲು ನನ್ನದೇ ತಪ್ಪು ತೋರಿಸಿದೆ. ಹಿಂದಿನ ದಿನ ಬೋರ್ಡಿನ ಮೇಲೆ ಮೈನಸ್ ಬಿಟ್ಟು ಪೂರ್ತಿ ಉತ್ತರ ಹಾಳು ಮಾಡಿದ್ದೆ, ಯಾರೂ ಹೇಳಿರಲಿಲ್ಲ. ಅದನ್ನೇ ಹಾಕಿದೆ. ಮೂರನೇ ವಾರಕ್ಕೆ ತಪ್ಪುಗಳು ಬರತೊಡಗಿದವು. 'ಸರ್, ಇದು ಅಣ್ಣನ್ನ ಕೇಳಿ ಮಾಡಿದ್ದು' ಅಂತ ಒಬ್ಬಳು ತಾನಾಗಿ ಬರೆದಳು.

ದೊಡ್ಡ ಪರೀಕ್ಷೆಗೆ ಈಗಲೂ ಕಾವಲು ಇದೆ. ಅದನ್ನು ಬಿಡುವ ಧೈರ್ಯ ನನಗಿಲ್ಲ.

ರಾತ್ರಿಪಾಳಿ_ಓದುಗಿ

ಮೇಷ್ಟ್ರೇ, ನೀವು ಗೊತ್ತಿಲ್ಲದೆ ಒಂದು ಹಳೆಯ ಪ್ರಯೋಗವನ್ನೇ ಮಾಡಿದ್ದೀರಿ. 1920ರ ದಶಕದಲ್ಲಿ ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಅನ್ನುವ ಇಬ್ಬರು ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದರು. ಒಂದು ವಿಧಾನ ಹೀಗಿತ್ತು: ಮಕ್ಕಳ ಉತ್ತರಪತ್ರಿಕೆ ತೆಗೆದುಕೊಂಡು, ಗುಟ್ಟಾಗಿ ನಕಲು ಮಾಡಿಟ್ಟು, ಮತ್ತೆ ಮಕ್ಕಳ ಕೈಗೇ ಕೊಟ್ಟು, ಉತ್ತರಪಟ್ಟಿ ನೋಡಿ ನೀವೇ ಅಂಕ ಹಾಕಿಕೊಳ್ಳಿ ಅನ್ನುವುದು. ಯಾರು ಉತ್ತರ ಬದಲಾಯಿಸಿದರು ಅಂತ ಆಮೇಲೆ ಹೋಲಿಸಿ ನೋಡುವುದು.

1928ರಲ್ಲಿ ಫಲಿತಾಂಶ ಅಚ್ಚಾಯಿತು. ಮಕ್ಕಳನ್ನು 'ಪ್ರಾಮಾಣಿಕರು', 'ಮೋಸಗಾರರು' ಅಂತ ಎರಡು ಸಾಲಿನಲ್ಲಿ ನಿಲ್ಲಿಸಲು ಆಗಲಿಲ್ಲ. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆ ಮಾಡುತ್ತಿರಲಿಲ್ಲ. ಸಂದರ್ಭದ ಪಾತ್ರ ಬಹಳ ದೊಡ್ಡದು ಅಂದರು. ಪ್ರಾಮಾಣಿಕತೆ ಬಗ್ಗೆ ಬರೀ ಉಪದೇಶ, ಚರ್ಚೆ ಮಾಡಿದರೆ ನಡತೆ ಬದಲಾಗುತ್ತದೆ ಅನ್ನುವುದಕ್ಕೂ ಆಧಾರ ಸಿಗಲಿಲ್ಲ. ಅವರದೇ ಅಂಕಿಗಳನ್ನು ಆಮೇಲೆ ಮತ್ತೆ ಲೆಕ್ಕ ಹಾಕಿದವರು, ಮಗುವಿನ ಸ್ವಭಾವದ ಎಳೆಯೂ ಸ್ವಲ್ಪ ಇದೆ ಅಂದರು. ಅದು ನಿಜವೇ. ಆದರೆ ಟೀಚರ್ ಕೈಯಲ್ಲಿ ಇರುವುದು ಸಂದರ್ಭ ಮಾತ್ರ.

ಹಳೇ_ಮೇಷ್ಟ್ರು

ಒಪ್ಪುತ್ತೇನೆ, ಅರ್ಧ. ಮಿಕ್ಕ ಅರ್ಧ ಮನೆ ಅಂತಲೇ ನನ್ನ ವಾದ.

ಇಬ್ಬರ_ಅಮ್ಮ

ಮನೆ ಅಂದಿರಲ್ಲ ಸರ್, ಮನೆಯ ಕಥೆ ನಾನು ಹೇಳುತ್ತೇನೆ. ಇಲ್ಲಿ ಯಾರಿಗೂ ನನ್ನ ಗುರುತಿಲ್ಲ, ಹಾಗಾಗಿ ಹೇಳಬಹುದು.

ಮಗಳಿಗೆ ಮೌಖಿಕ ಪರೀಕ್ಷೆ ಇತ್ತು. ಅವಳು ಓದಿರಲಿಲ್ಲ. ನಾನು ಲ್ಯಾಪ್‌ಟಾಪ್ ಹಿಂದೆ ನೋಟ್‌ಬುಕ್ ಬಿಚ್ಚಿ ಹಿಡಿದು ನಿಂತೆ. ಕ್ಯಾಮೆರಾಗೆ ನನ್ನ ಸೆರಗಿನ ತುದಿಯೂ ಬೀಳದ ಹಾಗೆ. ಟೀಚರ್ ಕೇಳುತ್ತಿದ್ದರು, ಅವಳು ಒಂದು ಕ್ಷಣ ನಿಲ್ಲಿಸಿ, ಯೋಚಿಸಿದ ಹಾಗೆ ಮಾಡಿ, ಓದಿ ಹೇಳುತ್ತಿದ್ದಳು. 'ಅದ್ಭುತ' ಅಂದರು ಟೀಚರ್. ಮಗಳು ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಆ ನೋಟ ಈಗಲೂ ನೆನಪಿದೆ. ಸಂತೋಷದ ನೋಟ ಅಲ್ಲ.

ಮುಂದಿನ ವಾರ ಚಿಕ್ಕವನು ಕೇಳಿದ: 'ಅಮ್ಮಾ, ನನಗೂ ಹಿಂದೆ ನಿಂತು ತೋರಿಸ್ತೀಯಾ?' ಅವನಿಗೆ ಪರೀಕ್ಷೆಯೇ ಇರಲಿಲ್ಲ. ಬರೀ ತನ್ನ ಹೆಸರು, ಇಷ್ಟದ ಬಣ್ಣ ಹೇಳುವ ಕ್ಲಾಸ್.

ಅದೇ ತಿಂಗಳು ಅವರ ಗುಣ ಪ್ರಾಮಾಣಿಕತೆ. ಮನೆಯಲ್ಲಿ ಪೋಸ್ಟರ್ ಬಿಡಿಸಿ ಫೋಟೋ ಕಳಿಸಬೇಕಿತ್ತು. ಅದನ್ನೂ ನಾನೇ ಬಿಡಿಸಿ ಕಳಿಸಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಅದು ನಾನೇ.

ಟೀಚರ್‌ಗೆ ನನ್ನದೊಂದು ಕೋರಿಕೆ. ನಮ್ಮನ್ನೂ ಕ್ಲಾಸಿನ ಭಾಗ ಅಂತ ಲೆಕ್ಕ ಹಿಡಿಯಿರಿ. ಬೈಯುವುದು ಬೇಡ. 'ಉತ್ತರ ತಪ್ಪಾದರೆ ನಮಗೆ ಉಪಯೋಗ ಆಗುತ್ತದೆ, ದಯವಿಟ್ಟು ತಿದ್ದಿ ಕಳಿಸಬೇಡಿ' ಅಂತ ಒಂದು ಸಾಲು ಬಂದಿದ್ದರೆ ನಾನು ಹಾಗೆ ನಿಲ್ಲುತ್ತಿರಲಿಲ್ಲವೇನೋ. ಅಂಕ ಹೋಗುತ್ತದೆ ಅನ್ನುವ ಭಯಕ್ಕೆ ನಿಂತೆ.

ಗಣಿತದ_ಮೇಷ್ಟ್ರು

ಇದನ್ನು ಬರೆಯಲು ಧೈರ್ಯ ಬೇಕು. ಮಗಳ ಹತ್ತಿರ ಮಾತಾಡಿದಿರಾ?

ಇಬ್ಬರ_ಅಮ್ಮ

ಮಾತಾಡಿದೆ. 'ನಾನು ಮಾಡಿದ್ದು ತಪ್ಪು' ಅಂದೆ. 'ಗೊತ್ತು' ಅಂದಳು. ಅಷ್ಟೇ. ಈಗ ಪರೀಕ್ಷೆ ದಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ, ಒಳಗಿನಿಂದ.

ಹಿಂದಿನ_ಬೆಂಚು

ನಾನು ಮೂರು ವರ್ಷ ಆನ್‌ಲೈನ್ ಶಾಲೆಯಲ್ಲಿ ಓದಿದವನು, ಈಗ ಕಾಲೇಜು. ಇಲ್ಲಿ ಎಲ್ಲರೂ ಕ್ಲಾಸಿನ ಚಾಟ್ ಬಗ್ಗೆ ಮಾತಾಡುತ್ತಿದ್ದೀರಿ. ನಿಜವಾದದ್ದು ನಡೆಯುವುದು ಟೀಚರ್ ಇಲ್ಲದ ಗ್ರೂಪಿನಲ್ಲಿ.

ನಮ್ಮ ಕ್ಲಾಸಲ್ಲಿ ಒಬ್ಬ ತೊದಲುತ್ತಿದ್ದ. ಅವನು ಮೈಕ್ ಆನ್ ಮಾಡಿದ ತಕ್ಷಣ ಇನ್ನೊಂದು ಗ್ರೂಪಿನಲ್ಲಿ ಲೆಕ್ಕ ಶುರು. ಎಷ್ಟನೇ ಸೆಕೆಂಡಿಗೆ ಪದ ಹೊರಗೆ ಬರುತ್ತದೆ ಅಂತ. ಬಾಯಿ ಅರ್ಧ ತೆರೆದಿರುವಾಗ ಸ್ಕ್ರೀನ್‌ಶಾಟ್ ತೆಗೆದು ಸ್ಟಿಕ್ಕರ್ ಮಾಡಿದರು. ಗ್ರೂಪಿನಲ್ಲಿ ಹತ್ತೊಂಬತ್ತು ಜನ ಇದ್ದೆವು. ಮಾಡಿದವರು ಮೂರು ಜನ. ಉಳಿದ ಹದಿನಾರು ಜನ ನೋಡಿದೆವು. ನಾನೂ ನೋಡಿದೆ. ಯಾರಾದರೂ ಹೇಳುತ್ತಾರೆ ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡಿದ್ದರಂತೆ, ಆಮೇಲೆ ಗೊತ್ತಾಯಿತು.

ಅದೇ ವರ್ಷ ನಮಗೆ 'ದಯೆ' ಅಂತ ಪಾಠ ಇತ್ತು. ಎಲ್ಲರಿಗೂ ಫುಲ್ ಮಾರ್ಕ್ಸ್.

ರಾತ್ರಿಪಾಳಿ_ಓದುಗಿ

ಇದಕ್ಕೆ ಹೆಸರೇ ಇದೆ, 'ಬೈಸ್ಟ್ಯಾಂಡರ್ ಎಫೆಕ್ಟ್': ನೋಡುವವರು ಹೆಚ್ಚಾದಷ್ಟೂ ಒಬ್ಬೊಬ್ಬರೂ ಮುಂದೆ ಬರುವುದು ಕಡಿಮೆ. 1968ರಲ್ಲಿ ಡಾರ್ಲಿ ಮತ್ತು ಲಾಟಾನೆ ಮಾಡಿದ ಪ್ರಯೋಗ ನಿಮ್ಮ ಕ್ಲಾಸಿಗೆ ಹೇಳಿ ಮಾಡಿಸಿದ ಹಾಗಿದೆ. ಒಬ್ಬೊಬ್ಬರನ್ನೂ ಒಂದೊಂದು ಕೋಣೆಯಲ್ಲಿ ಕೂರಿಸಿದರು. ಮುಖ ಕಾಣುವುದಿಲ್ಲ, ಮಾತೆಲ್ಲ ಮೈಕಿನಲ್ಲಿ, ಸರದಿ ಪ್ರಕಾರ. ನಮ್ಮ ಆನ್‌ಲೈನ್ ಕ್ಲಾಸ್‌ನ ಹಾಗೇ, ಅರ್ಧ ಶತಮಾನ ಮೊದಲೇ. ನಡುವೆ ಒಬ್ಬನಿಗೆ ಮೂರ್ಛೆ ಬಂದ ಹಾಗೆ ದನಿ ಕೇಳಿಸುತ್ತದೆ (ಅದು ಮೊದಲೇ ರೆಕಾರ್ಡ್ ಮಾಡಿದ್ದು). ಆ ದನಿ ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ 85% ಜನ ಆ ದನಿ ನಿಲ್ಲುವ ಮೊದಲೇ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ 31% ಮಾತ್ರ.

ಹಾಗಂತ ಎದ್ದು ಹೋಗದವರು ಕಲ್ಲುಮನಸ್ಸಿನವರಲ್ಲ. ಕೈ ನಡುಗುತ್ತಿದ್ದವರೂ ಇದ್ದರು. ಹೇಳುವ ಕೆಲಸ ಯಾರದು ಅನ್ನುವುದೇ ಗೊತ್ತಾಗಿರಲಿಲ್ಲ. ಟೀಚರ್, ನಿಮ್ಮ 'ಎರಡನೇ ಚಿತ್ರ ಕಾಣಿಸುತ್ತಿಲ್ಲ' ಅನ್ನುವ ಹುಡುಗಿಗೂ ಆದದ್ದು ಇದೇ. ಇಪ್ಪತ್ತೈದು ಜನರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ.

ಹಿಂದಿನ_ಬೆಂಚು

ನಮ್ಮ ಕಥೆಯ ಕೊನೆ ಹೇಳಿಬಿಡುತ್ತೇನೆ. ವಿಷಯ ಹೊರಗೆ ಬಂದ ಮೇಲೆ ಶಾಲೆ ಮೂವರನ್ನು ಒಂದು ವಾರ ಹೊರಗಿಟ್ಟಿತು. ಒಂದು ವಾರ ಲಾಗಿನ್ ಇಲ್ಲ, ಅವರಿಗೆ ಅದು ರಜೆ. ಒಬ್ಬ ಮೇಡಂ ಮಾತ್ರ ಬೇರೆ ಥರ ಮಾಡಿದರು. ನಮ್ಮ ಹದಿನಾರು ಜನರನ್ನು ನಾಲ್ಕು ನಾಲ್ಕು ಮಾಡಿ ಕರೆದು ಒಂದೇ ಪ್ರಶ್ನೆ ಕೇಳಿದರು: 'ಮೊದಲ ಸ್ಟಿಕ್ಕರ್ ಬಂದಾಗ ನೀನು ಎಲ್ಲಿ ಕೂತಿದ್ದೆ, ಏನು ಅನ್ನಿಸಿತು?' ಬೈಯಲಿಲ್ಲ. ನನಗೆ ಇವತ್ತಿಗೂ ಗೊತ್ತು, ನಾನು ಕಿಟಕಿ ಪಕ್ಕ ಕೂತಿದ್ದೆ, ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು, ಫೋನ್ ಕವುಚಿ ಇಟ್ಟೆ. ಆಮೇಲೆ ಅವರು ನಮ್ಮ ಕೈಯಲ್ಲೇ ಒಂದೊಂದು ಸಾಲು ಬರೆಸಿದರು, ಮುಂದಿನ ಸಲ ಅಂಥದ್ದು ಬಂದರೆ ಹಾಕುವುದಕ್ಕೆ ರೆಡಿ ಇರುವ ಸಾಲು. ನನ್ನದು 'ಇದು ಬೇಡ, ತೆಗಿ.' ಮೂರೇ ಪದ. ಒಂದೇ ಸಲ ಬಳಸಿದ್ದೇನೆ. ಹಾಕುವಾಗ ಬೆರಳು ನಡುಗಿತು, ಆದರೆ ಪದ ಹುಡುಕಬೇಕಾಗಿರಲಿಲ್ಲ.

ಹಳೇ_ಮೇಷ್ಟ್ರು

ಆ ಮೇಡಂ ಒಳ್ಳೆಯ ಮೇಷ್ಟ್ರು. ಇಷ್ಟು ಹೇಳಿ ನಾನು ಸುಮ್ಮನಾಗುತ್ತೇನೆ.

ಕ್ಯಾಮೆರಾ_ಆಫ್

ಎಲ್ಲ ಸರಿ, ಆದರೆ ಕ್ಯಾಮೆರಾ ಕಡ್ಡಾಯ ಮಾಡಿದರೆ ಅರ್ಧ ಸಮಸ್ಯೆ ಮುಗಿಯುತ್ತಲ್ಲ? ಮುಖ ಕಂಡರೆ ಮರ್ಯಾದೆ ತಾನಾಗೇ ಬರುತ್ತದೆ.

ಗಣಿತದ_ಮೇಷ್ಟ್ರು

ನಿಮ್ಮ ಹೆಸರು ನೋಡಿ ನಗು ಬಂತು. ಮುಖ ಕಾಣದಿದ್ದರೆ ನಾಲಿಗೆ ಸಡಿಲವಾಗುತ್ತದೆ ಅನ್ನುವುದು ನಿಜ. ಜಾನ್ ಸುಲರ್ ಅನ್ನುವ ಮನಶ್ಶಾಸ್ತ್ರಜ್ಞ 2004ರಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ. ಆದರೆ ಅವರೇ ಅದರ ಇನ್ನೊಂದು ಮುಖವನ್ನೂ ಹೇಳಿದ್ದಾರೆ: ಅದೇ ಮರೆಯಲ್ಲಿ ಜನ ಮನಸ್ಸು ಬಿಚ್ಚುತ್ತಾರೆ, ಹೆಚ್ಚು ಮೃದುವೂ ಆಗುತ್ತಾರೆ. ಈ ಚರ್ಚೆಯಲ್ಲೇ ನೋಡಿ, ಇಬ್ಬರ ಅಮ್ಮ ಮುಖ ತೋರಿಸಬೇಕಿದ್ದರೆ ಆ ಕಥೆ ಬರೆಯುತ್ತಿದ್ದರಾ? ಕೆಲವು ಮಕ್ಕಳ ಮನೆಯಲ್ಲಿ ಒಂದೇ ಕೋಣೆ. ಹಿಂದೆ ಯಾರೋ ಮಲಗಿರುತ್ತಾರೆ. ಅವರಿಗೆ ಕ್ಯಾಮೆರಾ ಅಂದರೆ ಅವಮಾನ. ಕಡ್ಡಾಯ ಬೇಡ.

ಆರನೇ_ಕ್ಲಾಸ್_ಟೀಚರ್

ಮೂರು ವಾರ ಆಯಿತು. ಎಲ್ಲವನ್ನೂ ಎರಡೆರಡು ಸಲ ಓದಿ, ಕೆಲವನ್ನು ಮಾಡಿ ನೋಡಿದೆ. ವರದಿ ಒಪ್ಪಿಸುತ್ತೇನೆ.

ಸ್ಲೈಡ್ ಬಿಟ್ಟೆ. ಅದರ ಬದಲು ಕ್ಲಾಸಿನಲ್ಲಿ ನಿಜವಾದ ಕೆಲಸ ಹಂಚಿದೆ, ವಾರಕ್ಕೊಮ್ಮೆ ಸರದಿ. ಒಬ್ಬರು ಚಾಟ್ ಕಾಯುವವರು: ಯಾರಿಗಾದರೂ ತೊಂದರೆ ಆದರೆ ಮೈಕ್ ಆನ್ ಮಾಡಿ ನನ್ನನ್ನು ನಿಲ್ಲಿಸುವ ಹಕ್ಕು ಅವರಿಗೆ. ಇಬ್ಬರು, ಬರದೇ ಇದ್ದವರಿಗೆ ಅವತ್ತಿನ ಪಾಠ ಹೇಳುವವರು. ಒಬ್ಬರು ನನ್ನ ತಪ್ಪು ಬರೆದಿಡುವವರು. ಈ ಕೊನೆಯ ಕೆಲಸಕ್ಕೆ ಬಹಳ ಬೇಡಿಕೆ! ಎರಡು ಸಾವಿರದ ಮುನ್ನೂರು ವರ್ಷದ ಹಿಂದೆಯೇ ಅರಿಸ್ಟಾಟಲ್ ಹೇಳಿದ್ದು ಇದೇ ಅಲ್ವಾ, ಮನೆ ಕಟ್ಟುತ್ತಾ ಕಟ್ಟುತ್ತಾ ಮನೆ ಕಟ್ಟುವವನಾಗುತ್ತಾನೆ, ನ್ಯಾಯದ ಕೆಲಸ ಮಾಡುತ್ತಾ ಮಾಡುತ್ತಾ ನ್ಯಾಯವಂತನಾಗುತ್ತಾನೆ ಅಂತ. ನಾನು ಮಕ್ಕಳಿಗೆ ಮನೆಯ ಚಿತ್ರ ತೋರಿಸಿ ಕ್ವಿಜ್ ಇಡುತ್ತಿದ್ದೆ.

ಮೊದಲ ವಾರ ಚಾಟ್ ಕಾಯಲು ಬಂದವನು ನಮ್ಮ 'ಥ್ಯಾ' ಹುಡುಗ. ಬುಧವಾರ ಪಾಠದ ನಡುವೆ ಅವನ ದನಿ: 'ಮೇಡಂ ನಿಲ್ಲಿ. ಒಬ್ಬಳ ಆಡಿಯೋ ಹೋಗಿದೆ, ನಾಲ್ಕು ನಿಮಿಷ ಆಯ್ತು.' ನಾಲ್ಕು ನಿಮಿಷ ಅಂತ ಎಣಿಸಿದ್ದ! ನನಗೆ ಕಣ್ಣು ತುಂಬಿತು. ಗುರುವಾರ ಅದೇ ಹುಡುಗ ಇನ್ನೊಬ್ಬನ ಮೆಸೇಜ್ 'ಪಾಠಕ್ಕೆ ಸಂಬಂಧ ಇಲ್ಲ' ಅಂತ ಅಳಿಸಿ, ದೊಡ್ಡ ಸಾಹೇಬನ ಹಾಗೆ ಎಲ್ಲರಿಗೂ ಎಚ್ಚರಿಕೆ ಕೊಟ್ಟ. ಅಧಿಕಾರ ಒಂದೇ ದಿನಕ್ಕೆ ತಲೆಗೆ ಹತ್ತಿತ್ತು. ಅಳಿಸುವ ಹಕ್ಕು ಯಾರಿಗೂ ಇಲ್ಲ ಅಂತ ಎಲ್ಲರೂ ಸೇರಿ ನಿಯಮ ಮಾಡಿದೆವು. ಆ ಚರ್ಚೆ ಇಪ್ಪತ್ತು ನಿಮಿಷ ತಿಂದಿತು, ನನ್ನ ಪಾಠ ಹಿಂದೆ ಬಿತ್ತು. ಬರದೇ ಇದ್ದವರಿಗೆ ಪಾಠ ಹೇಳುವ ಕೆಲಸ ಬೇಡ ಅಂತ ಒಬ್ಬಳು ಕಡ್ಡಿ ಮುರಿದ ಹಾಗೆ ಹೇಳಿದಳು. ಒತ್ತಾಯ ಮಾಡಲಿಲ್ಲ.

ಪೋಷಕರಿಗೆ ಆ ಒಂದು ಸಾಲು ಕಳಿಸಿದ್ದೇನೆ, ಅಮ್ಮನವರೇ. ಮೂರು ಜನ ಉತ್ತರ ಬರೆದಿದ್ದಾರೆ. ಒಬ್ಬರು ಬರೀ 'ಸರಿ' ಅಂದಿದ್ದಾರೆ. ಆ 'ಸರಿ'ಯಲ್ಲಿ ಬೇಕಾದಷ್ಟಿತ್ತು.

ಎರಡು ಗಂಟು ಉಳಿದಿವೆ. ಒಂದು, ಮೇಲಿನವರಿಗೆ ತಿಂಗಳ ಕೊನೆಗೆ ಅಂಕಿ ಬೇಕು. ಎಷ್ಟು ಶೇಕಡಾ ತಾಳ್ಮೆ ಹೆಚ್ಚಿತು ಅಂತ.

ರಾತ್ರಿಪಾಳಿ_ಓದುಗಿ

ಅವರಿಗೆ 2010ರಲ್ಲಿ ಅಮೆರಿಕ ಸರ್ಕಾರ ಪ್ರಕಟಿಸಿದ ವರದಿ ತೋರಿಸಿ. ಇಂಥ ಏಳು ಕಾರ್ಯಕ್ರಮಗಳನ್ನು 84 ಪ್ರಾಥಮಿಕ ಶಾಲೆಗಳಲ್ಲಿ ಹೋಲಿಸಿ ನೋಡಿದರು. ಒಟ್ಟಾರೆ ನೋಡಿದಾಗ ಮಕ್ಕಳ ನಡತೆಯಲ್ಲಿ ಸುಧಾರಣೆ ಕಾಣಲಿಲ್ಲ. ಸರ್ಕಾರ ದುಡ್ಡು ಹಾಕಿ ಅಳೆದರೂ ಹೀಗೆ, ಒಂದು ತಿಂಗಳಿಗೆ ಶೇಕಡಾ ಎಲ್ಲಿಂದ ತರುತ್ತೀರಿ? ಶೇಕಡಾ ಬದಲು ಘಟನೆ ಬರೆದು ಕೊಡಿ. 'ನಾಲ್ಕು ನಿಮಿಷ' ಅಂತ ಬರೆದರೆ ಅದೂ ಅಂಕಿಯೇ. ಎರಡನೇ ಗಂಟು ಏನು?

ಆರನೇ_ಕ್ಲಾಸ್_ಟೀಚರ್

ಬ್ಯಾಡ್ಜ್ ನಿಲ್ಲಿಸುತ್ತೇನೆ ಅಂದಾಗ ಒಬ್ಬಳು ಕ್ಲಾಸ್ ಮುಗಿದ ಮೇಲೂ ಹೋಗಲಿಲ್ಲ. ಬಹಳ ಹೊತ್ತು ಮ್ಯೂಟ್‌ನಲ್ಲೇ ಇದ್ದಳು. ಆಮೇಲೆ ಹೇಳಿದಳು: 'ಮೇಡಂ, ನನ್ನದು ನಲವತ್ತೆಂಟು ಆಗಿತ್ತು.' ಎರಡನೇ ಚಿತ್ರ ಕಾಣದವಳು ಅವಳೇ. ಥ್ಯಾಂಕ್ಯೂ ಆಟ ಆಡಿರಲಿಲ್ಲ, ಎಲ್ಲ ಕಷ್ಟಪಟ್ಟು ಗಳಿಸಿದ್ದು. ಈಗ ಏನು ಮಾಡಲಿ? ಕೊಟ್ಟರೆ ಮತ್ತೆ ಅದೇ ವ್ಯಾಪಾರ ಶುರುವಾಗುತ್ತದೆ.

ಹಳೇ_ಮೇಷ್ಟ್ರು

ಸುಮ್ಮನಿರುತ್ತೇನೆ ಅಂದಿದ್ದೆ, ಆಗುತ್ತಿಲ್ಲ. ಐವತ್ತಾದರೆ ಕೊಡುತ್ತೇನೆ ಅಂತ ಹೇಳಿದ್ದು ನೀವು. ಇನ್ನೆರಡು ಪಾಯಿಂಟ್ ಗಳಿಸಲು ಬಿಟ್ಟು ಆಮೇಲೆ ಅಂಗಡಿ ಮುಚ್ಚಿ. ಆ ಪ್ರಯೋಗ ಈ ಪ್ರಯೋಗ ಎಲ್ಲ ಆಮೇಲೆ. ಮಗುವಿಗೆ ಮಾತು ಕೊಟ್ಟಿದ್ದೀರಿ.

ಆರನೇ_ಕ್ಲಾಸ್_ಟೀಚರ್

ಎಲ್ಲರಿಗೂ ಈ ತಿಂಗಳ ಕೊನೆಯವರೆಗೆ ಗಡುವು ಕೊಟ್ಟೆ ಸರ್. ಅವಳಿಗೆ ನಿನ್ನೆ ಐವತ್ತಾಯಿತು. ಕೊನೆಯ ಪಾಯಿಂಟ್ ಬಂದದ್ದು, ನಾನು ಬರೆದ ಕಾಗುಣಿತ ತಪ್ಪಿದೆ ಅಂತ ತೋರಿಸಿದ್ದಕ್ಕೆ.